ತಗ್ಗಿನ ತಿಂಗಳು

ಹೋಮಾ ಬೇ ಕೌಂಟಿ ಕಚೇರಿಯ ವರಾಂಡದಲ್ಲಿ
ಟೆಂಡರು ಪೆಟ್ಟಿಗೆಗೆ ಎರಡು ಬೀಗ.
ಒಂದರ ಕೀಲಿ ನನ್ನ ಬಳಿ,
ಇನ್ನೊಂದು ಲೆಕ್ಕಪತ್ರದ ಮೇಡಂ ಪರ್ಸಿನಲ್ಲಿ.
ಒಬ್ಬರನ್ನೊಬ್ಬರು ನಂಬಬೇಡಿ ಎಂದು ಸರ್ಕಾರವೇ ಹೇಳಿದ ಮೇಲೆ
ನಿಶ್ಚಿಂತೆಯಿಂದ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತೇವೆ.

ಫೆಬ್ರವರಿ ಮೂರು, ಮಂಗಳವಾರ, ಬೆಳಗಿನ ಹನ್ನೊಂದು.
ಅವಾಚ್ ಹೊಳೆಗೊಂದು ಕಿರುಸೇತುವೆ.
ನಾಲ್ಕು ಲಕೋಟೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಲ್ಕು ಜನ.
ಓದುವುದಷ್ಟೇ ನನ್ನ ಕೆಲಸ:
ಯಾರು, ಎಷ್ಟು, ಬಿಡ್ ಬಾಂಡ್ ಇದೆಯೇ, ಎಂದಿನವರೆಗೆ.

ನೆರಿಯಾ ಅವುರ್ ಬಂದದ್ದು ಗಂಬೂಟಿನಲ್ಲೇ.
ಮುನ್ನೂರ ಹನ್ನೆರಡು ಪುಟ, ಪುಟಪುಟಕ್ಕೂ ಕೈಬರಹದ ಅಂಕಿ;
ಏಳಕ್ಕೆ ಸೊಂಟಪಟ್ಟಿ ಕಟ್ಟುವ ಅಭ್ಯಾಸ ಅವಳದು.
ನಲವತ್ತೊಂದು ಲಕ್ಷ ಶಿಲ್ಲಿಂಗ್. ಎಲ್ಲರಿಗಿಂತ ಕಡಿಮೆ.
ಕಿಸುಮು ಕಂಪನಿಯ ಹುಡುಗ ಮೊಬೈಲಿನಿಂದ ತಲೆಯೆತ್ತಿದ.
ಅವರದು ಐವತ್ತಾರು.

ಅವಳ ಬಾಂಡು ತೆಗೆದೆ. ಗಟ್ಟಿ ಕಾಗದ,
ಬೆರಳಾಡಿಸಿದರೆ ತಗಲುವ ಬ್ಯಾಂಕಿನ ಉಬ್ಬುಮುದ್ರೆ.
ಗೆದ್ದ ಮೇಲೆ ಇವಳು ಹಿಂದೆ ಸರಿದರೆ
ಎಂಬತ್ತೆರಡು ಸಾವಿರ ನಾವು ಕೊಡುತ್ತೇವೆ,
ಕೇಳಿದೊಡನೆ, ಎದುರು ಮಾತಿಲ್ಲದೆ,
ಎಂದು ಬರೆದಿದೆ ಬ್ಯಾಂಕು.
ಅವಳಿಗೆ ಒಂದು ಮಾತನ್ನೂ ಸುಮ್ಮನೆ ಕೊಟ್ಟಿಲ್ಲ ಅದು:
ಈ ಒಂದು ಹಾಳೆಗೆ ಕಾಂಕ್ರೀಟ್ ಮಿಕ್ಸರು ಒತ್ತೆ.
ನನಗೆ ಹೇಗೆ ಗೊತ್ತು? ಊರು ಸಣ್ಣದು.

ನಾವು ಕೇಳಿದ್ದು ತೊಂಬತ್ತು ದಿನ.
ಬಾಂಡಿನಲ್ಲಿದ್ದದ್ದು ಮೂರು ತಿಂಗಳು. ಮೇ ಮೂರರವರೆಗೆ.

ಎರಡೂ ಒಂದೇ ಅಲ್ಲವೇ ಅನ್ನುವವರು
ಮುಷ್ಟಿ ಕಟ್ಟಿ ನೋಡಿಕೊಳ್ಳಿ.
ಗಿಣ್ಣಿನ ಮೇಲೆ ಮೂವತ್ತೊಂದು, ತಗ್ಗಿನಲ್ಲಿ ಮೂವತ್ತು,
ಮೊದಲ ತಗ್ಗಿನಲ್ಲೇ ಕಾಲು ಮುರಿದುಕೊಂಡು ಕೂತಿದೆ ಫೆಬ್ರವರಿ.
ಮೇಜಿನ ಕೆಳಗೆ ಕೈಯಿಟ್ಟು ಎಣಿಸಿದೆ.
ಎಂಬತ್ತೊಂಬತ್ತು.
ಎಂಬತ್ತೊಂಬತ್ತು.
ಮೂರನೆಯ ಸಲ ನಿಧಾನವಾಗಿ,
ಹಳೆಯ ಅಂಗಿಯ ಜೇಬಿನಲ್ಲಿ ಚಿಲ್ಲರೆ ತಡಕುವವನ ಹಾಗೆ.
ಇರಲಿಲ್ಲ.

ಜೋರಾಗಿ ಓದಿದೆ. ಓದಲೇಬೇಕು.
ಅವಳು ಎದ್ದಳು. ಬಾಗಿಲ ಬಳಿ ಅಸ್ಕಾರಿ ದೊಣ್ಣೆ ಸರಿಮಾಡಿಕೊಂಡ.
ಕ್ಯಾಲೆಂಡರ್ ಕೊಡಿ, ಅಂದಳು.
ಗೋಡೆಯಿಂದ ಇಳಿಸಿ ಕೊಟ್ಟೆ. ಗೊಬ್ಬರದ ಅಂಗಡಿಯವರದು.
ಸಿಮೆಂಟು ಕಚ್ಚಿದ ತೋರುಬೆರಳು
ಚೌಕದಿಂದ ಚೌಕಕ್ಕೆ ನಡೆಯಿತು, ಒಂದನ್ನೂ ಹಾರಿಸದೆ;
ಇಡೀ ಕೋಣೆ ಅವಳೊಂದಿಗೆ ಏಪ್ರಿಲ್ ದಾಟಿತು.
"ಸರಿ ಇದೆ," ಅಂದಳು.
ಆಮೇಲೆ, ನನಗಲ್ಲ, ಕ್ಯಾಲೆಂಡರಿಗೆ:
"ಬ್ಯಾಂಕಿನ ಆ ಹುಡುಗ ಒಳ್ಳೆಯವನು. ಬೇಗ ಮಾಡಿಕೊಟ್ಟ."

ತಿರಸ್ಕಾರ ಅಂದೇ ಆಗುವುದಿಲ್ಲ.
ಸಮಿತಿ ಕೂತು, ಎದ್ದು, ಮೂರು ವಾರದ ಮೇಲೆ ಟೈಪಾಗಿ ಬರುತ್ತದೆ,
ವಿಷಾದಿಸುತ್ತೇವೆ ಎಂಬ ಸಾಲು ಮೊದಲೇ ಅಚ್ಚಾಗಿರುವ ಹಾಳೆಯಲ್ಲಿ.
ಮಾರ್ಚಿಯಲ್ಲಿ ಬಂದು ಬಾಂಡು ವಾಪಸು ಒಯ್ದಳು.
ರಿಜಿಸ್ಟರಿನಲ್ಲಿ ಸಹಿ, ಕೆಳಗೆ ತಾರೀಖು ಹದಿನೇಳು:
ಏಳಕ್ಕೆ ಪಟ್ಟಿ ಬಿಗಿಯಾಗಿತ್ತು.

ನಾನು ತಪ್ಪು ಮಾಡಿಲ್ಲ.
ಇದನ್ನು ಹೆಂಡತಿಗೆ ಎರಡು ಸಲ ಹೇಳಿದೆ.
ಮೊದಲ ಸಲಕ್ಕೇ ಅವಳು ಹೂಂ ಅಂದಿದ್ದಳು.

ಕಡೆಗೆ ಮೇ ನಾಲ್ಕೂ ಬಂತು, ತೊಂಬತ್ತನೆಯದು.
ಸೋಮವಾರ. ಯಾರೂ ಅದನ್ನು ಕಾಯುತ್ತಿರಲಿಲ್ಲ.
ಕಿಸುಮುವಿನವರ ಜಲ್ಲಿ ಇನ್ನೂ ಬಂದಿರಲಿಲ್ಲ, ಹೊಳೆ ಬಂದಿತ್ತು.
ದಡದಲ್ಲಿ ಇಬ್ಬರು ಹುಡುಗರು ಉದ್ದ ಗಳು ಹಿಡಿದು ನಿಂತಿದ್ದರು,
ಬೈಕಿನ ಚಕ್ರದೊಳಗೆ ತೂರಿಸಿ ಹೆಗಲಿಗೇರಿಸಲು.
ಐವತ್ತು ಶಿಲ್ಲಿಂಗ್. ನೀರು ಸೊಂಟ ಮುಟ್ಟಿದರೆ ನೂರು.
"ನಡುನೀರಲ್ಲಿ ಕೈಬಿಟ್ಟರೆ?" ಕೇಳಿದೆ.
ಕಚೇರಿಯ ನಾಲಗೆ, ಸುಮ್ಮನಿರದು.
ಸಣ್ಣವನು ನನ್ನ ಬೂಟಿನ ಕಡೆ ನೋಡಿದ.
"ಬಿಟ್ಟರೆ ನಾಳೆ ಯಾರು ಕೊಡ್ತಾರೆ ಬೈಕು?"

ಬೂಟು ಕಳಚಿ ಎದೆಗೊತ್ತಿ, ಮುಷ್ಟಿ ಬಿಗಿದು
ಅವರ ಹಿಂದೆ ಇಳಿದೆ.
ತಗ್ಗು ಎಲ್ಲಿದೆಯೆಂದು ಅವರ ಪಾದಕ್ಕೆ ಗೊತ್ತಿತ್ತು.